ಕಾವಲು ಕಾದವನ ನಿದ್ದೆ

ಜೂನ್ ತಿಂಗಳ ಎರಡನೆಯ ಭಾನುವಾರ, ಬೆಳಿಗ್ಗೆ ಎಂಟು ಗಂಟೆ. ಬೆಳಗಾವಿಯ ಸದಾಶಿವನಗರದಲ್ಲಿರುವ ನಮ್ಮ ಮನೆ. ಹಾಜರಿದ್ದವರು ಇಬ್ಬರು: ನಾನು ಮತ್ತು ನನ್ನ ಅಣ್ಣನ ಮಗಳು ಶೀತಲ್. ನಾನು ಮಚ್ಛೆಯ ಒಂದು ಕಬ್ಬಿಣದ ಎರಕದ ಕಾರ್ಖಾನೆಯ ಆರೋಗ್ಯ ಕೇಂದ್ರದಲ್ಲಿ ನರ್ಸ್ ಆಗಿದ್ದು ನಿವೃತ್ತಳಾದವಳು. ಶೀತಲ್ ನರ್ಸಿಂಗ್ ಮುಗಿಸಿ ಅದೇ ಕೇಂದ್ರಕ್ಕೆ ನಾಳೆ ಸೇರುವವಳು. ಮೊದಲ ವಾರವೇ ರಾತ್ರಿ ಪಾಳಿ.

ತಿಂಡಿಯ ತಾಟು ತೊಳೆದಿಟ್ಟ ಮೇಲೆ ಅವಳು ಕೇಳಿದಳು: "ಅತ್ತಿ, ಅಲ್ಲಿ ಮುಖ್ಯ ಏನ್ ಕಲೀಬೇಕು? ಸುಟ್ಟ ಗಾಯಕ್ಕ ಪಟ್ಟಿ ಕಟ್ಟೂದಾ?"

"ಅದನ್ನ ನಿನಗ ಕಾಲೇಜಿನಾಗ ಕಲಿಸ್ಯಾರ. ನೀ ನಿದ್ದಿ ಬಗ್ಗೆ ಕೇಳೂದು ಕಲಿ," ಅಂದೆ.

"ನಿದ್ದಿ? ಅದೇನ್ ರೋಗ ಏನತ್ತಿ?" ಎಂದು ನಕ್ಕಳು.

ನಾನು ಕಾಗದ ತೆಗೆದುಕೊಂಡು ಬರೆಯಲು ಕೂತೆ. ಬಾಯಿಮಾತಿನಲ್ಲಿ ಹೇಳಿದರೆ ಅರ್ಧ ಕೇಳಿ ಮೊಬೈಲ್ ತೆಗೆಯುತ್ತಾಳೆ. ಬರೆದುಕೊಟ್ಟರೆ ಓದುತ್ತಾಳೆ. ಅವಳ ಹಾಗೆ ಈ ಕೆಲಸಕ್ಕೆ ಹೊಸದಾಗಿ ಬರುವವರು ಬೇರೆ ಯಾರಾದರೂ ಇದ್ದರೆ ಅವರೂ ಓದಲಿ.

ನಮ್ಮದು ಜೈನರ ಮನೆ. ಹೊತ್ತು ಮುಳುಗುವ ಮುಂಚೆ ಊಟ ಮುಗಿಯಬೇಕು, ಆಮೇಲೆ ಏನೂ ಇಲ್ಲ. ನರ್ಸಿಂಗ್ ಹಾಸ್ಟೆಲಿನಲ್ಲಿ ಏಳುವುದಕ್ಕೂ ಮಲಗುವುದಕ್ಕೂ ಗಂಟೆ ಹೊಡೆಯುತ್ತಿದ್ದರು. ಇಂಥ ಎರಡು ಕಡೆ ಬೆಳೆದವಳಿಗೆ ಹೊತ್ತಲ್ಲದ ಹೊತ್ತಿನಲ್ಲಿ ತಿನ್ನುವುದು ಎಂದರೇನು ಎಂದೇ ಗೊತ್ತಿರಲಿಲ್ಲ. ಕಾರ್ಖಾನೆ ಅದನ್ನು ಕಲಿಸಿತು.

ನಾನು ಸೇರಿದಾಗ ಅಲ್ಲಿನ ಪದ್ಧತಿ ಸರಳವಾಗಿತ್ತು. ಕಾರ್ಮಿಕರ ತೂಕ, ರಕ್ತದೊತ್ತಡ, ರಕ್ತದ ಸಕ್ಕರೆ ನೋಡುವುದು. ಹೆಚ್ಚಿದ್ದವರಿಗೆ ಗುಳಿಗೆ ಮತ್ತು ಉಪದೇಶ. ಉಪದೇಶ ವೈದ್ಯಾಧಿಕಾರಿ ದೇಶಪಾಂಡೆಯವರದು. ಒಳ್ಳೆಯ ಡಾಕ್ಟರು, ಹೊತ್ತಿಗೆ ಸರಿಯಾಗಿ ಬರುವವರು, ಯಾರಿಗೂ ಕೆಟ್ಟ ಮಾತು ಆಡಿದವರಲ್ಲ. ಆದರೆ ತಲೆನೋವಿನಿಂದ ಹಿಡಿದು ಮೊಣಕಾಲು ನೋವಿನವರೆಗೆ ಅವರ ಬಳಿ ಒಂದೇ ಮಾತಿತ್ತು: "ಬಾಯಿ ಕಟ್ಟಬೇಕು." ಬಾಗಿಲ ಹೊರಗೆ ಸಾಲಿನಲ್ಲಿ ನಿಂತವರು ಆ ಮಾತು ಬರುವ ಹೊತ್ತಿಗೆ ಸರಿಯಾಗಿ ತಾವೂ ತುಟಿ ಆಡಿಸುತ್ತಿದ್ದರು.

ರಾತ್ರಿ ಪಾಳಿಯವರು ಬೆಳಿಗ್ಗೆ ಏಳಕ್ಕೆ ಬಿಡುತ್ತಿದ್ದರು. ನಾನು ಆರೂವರೆಗೇ ಹೋಗಿ ಅವರ ಮುಖ ನೋಡುತ್ತಿದ್ದೆ. ಗಾಯವನ್ನು ಮುಚ್ಚಿಕೊಂಡು ಮನೆಗೆ ಹೋಗುವ ಚಟ ಎಲ್ಲರಿಗೂ ಇತ್ತು. ಹಾಗೆ ನೋಡುವಾಗ ಒಂದು ವಿಷಯ ಕಣ್ಣಿಗೆ ಬಿತ್ತು. ಹಗಲು ಪಾಳಿಯ ವಾರ ಪಥ್ಯ ಮಾಡುತ್ತಿದ್ದ ಮನುಷ್ಯನೇ ರಾತ್ರಿ ಪಾಳಿಯ ವಾರ ಕೈಗೆ ಸಿಕ್ಕಿದ್ದನ್ನೆಲ್ಲ ತಿನ್ನುತ್ತಿದ್ದ. ಆಸಾಮಿ ಅವನೇ, ಕಾಯಿಲೆ ಅದೇ, ಕೇಳಿದ ಉಪದೇಶವೂ ಅದೇ.

ನಾನು ಇದನ್ನು ಡಾಕ್ಟರಿಗೆ ಹೇಳಿದೆ. ಅವರು ತಕ್ಷಣ ಕ್ರಮ ಕೈಗೊಂಡರು. ರಾತ್ರಿ ಕ್ಯಾಂಟೀನಿನಲ್ಲಿ ಭಜಿ ಬಂದ್, ಸಿಹಿ ಬಂದ್, ಚಹಾಕ್ಕೆ ಸಕ್ಕರೆ ಅರ್ಧ. ನನಗೂ ಸರಿ ಅನಿಸಿತು. ನೋಟೀಸನ್ನು ಗೋಡೆಗೆ ಅಂಟಿಸಿದವಳೇ ನಾನು.

ವಾರ ಕಳೆಯುವಷ್ಟರಲ್ಲಿ ಶಿಂಧೆ ಬಂದ. ಶಿಂಧೆ ಎರಕದ ವಿಭಾಗದ ಫೋರಮನ್. ಖಾನಾಪುರದವ, ಮನೆಯಲ್ಲಿ ಮರಾಠಿ, ಕೆಲಸದಲ್ಲಿ ಕನ್ನಡ, ಸಿಟ್ಟು ಬಂದರೆ ಎರಡೂ.

"ಸಿಸ್ಟರಬಾಯಿ, ಗೇಟ್ ಬಾಜೂಕ ವಡಾಪಾವ ಮಾರಾಂವ ತನ್ನ ಗಾಡಿ ಮ್ಯಾಲೆ ನಿಮ್ಮ ಫೋಟೋ ಹಾಕೂದೊಂದ ಬಾಕಿ ಐತ್ರಿ," ಎಂದ.

"ಯಾಕ?"

"ಯಾಕಂದ್ರ? ಕ್ಯಾಂಟೀನ್ ಭಜಿ ಬಂದ್ ಮಾಡಿ ಅವನ ಸಂಸಾರ ಉದ್ಧಾರ ಮಾಡೀರಿ. ಮೊದಲು ಹುಡುಗೂರು ಒಂದ್ ಪ್ಲೇಟ್ ಭಜಿ ತಿಂತಿದ್ರು. ಈಗ ಪಾಳೇಕ್ಕ ಬರಬೇಕಾದ್ರನ ಕಿಸೆ ತುಂಬ ವಡಾಪಾವ ತುಂಬಕೊಂಡ ಬರ್ತಾರ. ನೀವು ನೋಟೀಸ್ ಹಚ್ಚಿದ್ರಿ, ಅವರು ಪಾರ್ಟಿ ಚಾಲೂ ಮಾಡ್ಯಾರ."

ನೋಟೀಸನ್ನು ನಾನೇ ಕಿತ್ತೆ. ಗೋಡೆಯ ಸುಣ್ಣವೂ ಅದರ ಜೊತೆಗೇ ಬಂತು. ಆ ಬೋಳು ಚೌಕ ಬಹಳ ದಿನ ಹಾಗೇ ಇತ್ತು.

ಈ ಗಂಟು ಬಿಡಿಸಿದವರು ಕೊನೆಗೆ ಡಾಕ್ಟರೇ. ಬಿಡಿಸಿದ ರೀತಿ ಮಾತ್ರ ಅವರು ಅಂದುಕೊಂಡದ್ದಲ್ಲ. ಅವರ ಮಗಳು ಬಾಣಂತನಕ್ಕೆ ಬಂದಿದ್ದಳು, ಅವಳಿ ಮಕ್ಕಳು. ಒಂದು ಮಲಗಿದರೆ ಇನ್ನೊಂದು ಏಳುತ್ತಿತ್ತು. ಅಜ್ಜನಾದ ಸಂಭ್ರಮದಲ್ಲಿ ಡಾಕ್ಟರು ತಾವೇ ತೊಟ್ಟಿಲು ತೂಗುತ್ತಿದ್ದರು. ಆ ದಿನಗಳಲ್ಲಿ ಒಂದು ಬೆಳಿಗ್ಗೆ ಕಾರ್ಮಿಕರೊಬ್ಬರು ತಮ್ಮ ಮಗಳ ನಿಶ್ಚಿತಾರ್ಥಕ್ಕೆಂದು ಕುಂದಾ ಸಿಹಿಯ ಡಬ್ಬಿ ತಂದು ನಮ್ಮ ಮೇಜಿನ ಮೇಲೆ ಇಟ್ಟು ಹೋದರು. ನಾನು ಡ್ರೆಸಿಂಗ್ ಮುಗಿಸಿ ಬಂದಾಗ ಡಾಕ್ಟರು ಕನ್ನಡಕ ಒರೆಸುತ್ತಾ ಕೇಳಿದರು: "ಸಿಸ್ಟರ್, ಈ ಡಬ್ಬಿ ಯಾರು ಖಾಲಿ ಮಾಡಿದ್ರು?"

"ನೀವೇ ಸರ್."

"ನಾನಾ? ನನಗ ಕುಂದಾ ಅಂದ್ರ ಅಷ್ಟಕ್ಕಷ್ಟೇ."

"ನಿಮ್ಮ ಮೀಸಿಗೆ ಅದು ಗೊತ್ತಿಲ್ಲ ಸರ್."

ಅವರು ಮೀಸೆ ಮುಟ್ಟಿ ನೋಡಿಕೊಂಡರು. ಆಮೇಲೆ ಕುರ್ಚಿಗೆ ಒರಗಿ ನಗತೊಡಗಿದರು. ನಗು ನಿಂತ ಮೇಲೆ ಮಾತು ಬೇರೆಯಾಯಿತು. "ನಿನ್ನೆ ರಾತ್ರಿ ನಾ ಎಷ್ಟ್ ಮಲಗೀನಿ ಕೇಳ್ರಿ ಸಿಸ್ಟರ್. ಮಲಗೇ ಇಲ್ಲ. ನಿದ್ದಿ ಕಡಿಮಿ ಆದ್ರ ಎರಡು ಕೆಲಸ ಒಮ್ಮೆಲೆ ಆಗ್ತಾವ. ಹಸಿವು ಜೋರ್ ಆಗ್ತದ, ಬ್ಯಾಡ ಅನ್ನೋ ಶಕ್ತಿ ಕುಗ್ಗತದ. ಎತ್ತು ಜಗ್ಗತದ, ಅದ ಹೊತ್ತಿಗೆ ಹಗ್ಗ ಸಡಲ ಆಗ್ತದ. ಪುಸ್ತಕದಾಗ ಓದಿದ್ದೆ. ಇವತ್ತ ತಿಂದ ನೋಡಿದೆ. ನಾವು ಇಷ್ಟ್ ದಿನ ಎತ್ತಿಗೆ ಬೈಕೋತ ಕೂತಿದ್ವಿ, ಹಗ್ಗ ನೋಡಲೇ ಇಲ್ಲ."

ಅಂದಿನಿಂದ ನಮ್ಮ ಕೇಂದ್ರದಲ್ಲಿ ಮೊದಲ ಪ್ರಶ್ನೆ ಬದಲಾಯಿತು. 'ಏನು ತಿಂದಿರಿ' ಎಂಬುದರ ಮುಂಚೆ 'ಎಷ್ಟು ಮಲಗಿದಿರಿ' ಎಂದು ಕೇಳತೊಡಗಿದೆವು. ಪ್ರಶ್ನೆ ಕೇಳುವುದು ಸುಲಭ. ಉತ್ತರ ಬಂದ ಮೇಲೆ ಏನು ಮಾಡಬೇಕು ಎಂಬುದನ್ನು ಯಲ್ಲಪ್ಪನಿಂದ ಕಲಿತೆವು.

ಯಲ್ಲಪ್ಪ ನಂದಗಡದ ಹತ್ತಿರದವ. ತಲೆತಲಾಂತರದಿಂದ ಕುರಿ ಕಾಯ್ದ ಮನೆತನ, ಒಂದಿಷ್ಟು ಹೊಲ. ಆ ಮನೆಯಲ್ಲಿ ಸಂಬಳಕ್ಕೆ ಬಂದ ಮೊದಲಿಗ ಅವನು. ಕಾರ್ಖಾನೆಯ ಛಾವಣಿಯ ಕೆಳಗೆ ಓಡಾಡುವ ಕ್ರೇನ್ ನಡೆಸುತ್ತಿದ್ದ. ಕರಗಿದ ಕಬ್ಬಿಣ ತುಂಬಿದ ದೊಡ್ಡ ಕೊಳಗವನ್ನು ಕುಲುಮೆಯಿಂದ ಎತ್ತಿ ಅಚ್ಚುಗಳ ತನಕ ಒಯ್ಯುವ ಕೆಲಸ. ಒಂದು ತೊಟ್ಟೂ ತುಳುಕಬಾರದು. ಅವನ ಕೈ ಅಷ್ಟು ಹಿಡಿತದ್ದು ಎಂದು ಶಿಂಧೆಯೇ ಹೇಳುತ್ತಿದ್ದ, ಮತ್ತು ಶಿಂಧೆ ಸುಮ್ಮನೆ ಹೊಗಳುವವನಲ್ಲ.

ಅವನ ಸಕ್ಕರೆ ಏರುತ್ತಲೇ ಹೋಯಿತು. ಗುಳಿಗೆ ತಪ್ಪಿಸುತ್ತಿರಲಿಲ್ಲ. ಒಂದು ಬೆಳಿಗ್ಗೆ ಕ್ರೇನಿನಿಂದ ಇಳಿದವನು ಮೆಟ್ಟಿಲ ಮೇಲೇ ಕೂತು ತೂಕಡಿಸುತ್ತಿದ್ದುದನ್ನು ನಾನು ನೋಡಿ ಡಾಕ್ಟರಿಗೆ ತಿಳಿಸಿದೆ. ಅವರು ಅವನನ್ನು ಕರೆಸಿದರು.

"ಯಲ್ಲಪ್ಪ, ಒಂದ್ ತಿಂಗಳು ನೀ ಕ್ರೇನ್ ಹತ್ತಬ್ಯಾಡ. ಕೆಳಗ ಉಸುಕಿನ ಕೆಲಸ ಮಾಡು. ಸಕ್ಕರಿ ಇಳೀಬೇಕು, ಈ ತೂಕಡಿಕಿ ಹೋಗಬೇಕು. ಹೋದ್ರ ಮತ್ತ ಮ್ಯಾಲೆ. ಇಲ್ಲಂದ್ರ ಕೆಳಗನ ಕಾಯಂ."

ಅವನು ಡಾಕ್ಟರಿಗೆ ಕೈಮುಗಿದು ಹೊರಬಂದ. ನನ್ನ ಮೇಜಿಗೆ ಬಂದು ನಿಂತ.

"ಸಿಸ್ಟರಬಾಯಿ, ಹಗಲಿ ಕುಂದಾ ಎದರಿಗಿಟ್ರೂ ನಾ ಮುಟ್ಟಂಗಿಲ್ರಿ. ಖರೇ ಹೇಳ್ತೀನಿ. ಬೆಳಗಾಗೂ ಮುಂದ ಒಂದ್ ಹೊತ್ತ ಬರ್ತೈತ್ರಿ, ಆ ಹೊತ್ತಿಗಿ ಕೈ ನಂದಲ್ರಿ. ಬಿಸ್ಕೀಟ ಪುಡಾ ಬಿಚ್ಚಿದ್ರ ಮುಗಿಸೇ ಬಿಡ್ತೈತಿ. ಅದ ಕೈಲೆ ಕೊಳಗ ಎತ್ತತೀನ್ರಿ ನಾ."

ಆ ಕೊನೆಯ ಮಾತು ಹೇಳುವಾಗ ಅವನು ತನ್ನ ಬಲಗೈಯನ್ನು ಬೇರೆಯವರದ್ದೆಂಬಂತೆ ನೋಡಿದ. ಅವನ ಅಂಜಿಕೆ ಸಕ್ಕರೆಯದಾಗಿರಲಿಲ್ಲ. ಅವನಿಗೆ ಆ ಕೈ ವಾಪಸ್ ಬೇಕಾಗಿತ್ತು.

"ಮನ್ಯಾಗ ಎಷ್ಟ್ ಮಲಗ್ತಿ?"

"ಮಲಗ್ತೀನ್ರಿ..." ಎಂದು ಎಳೆದ. ಆ ಎಳೆತವೇ ನನಗೆ ಉತ್ತರವಾಯಿತು. ಡಾಕ್ಟರ ಒಪ್ಪಿಗೆ ಪಡೆದು, ಮರುವಾರ ಅವನ ಊರಿಗೆ ಹೊರಟೆ.

ಖಾನಾಪುರದಲ್ಲಿ ಬಸ್ ಬದಲಿಸಿ ಮುಂದೆ ಹೋಗಬೇಕು. ಬಾಜೂಕ ಕೂತ ಹೆಣ್ಣುಮಗಳು ಮರಾಠಿಯಲ್ಲಿ "ಯಾರ ಮನೆಗೆ" ಎಂದು ಕೇಳಿದಳು. ಹೆಸರು ಹೇಳಿದೆ. "ಯಲ್ಲಪ್ಪನ ಮನೆಗಾ? ಹೋಗ್ರಿ, ಈ ವಾರ ಹಗಲೆಲ್ಲ ಮನ್ಯಾಗ ಇರ್ತಾನ, ಯಾವಾಗ ಹೋದ್ರೂ ಸಿಗ್ತಾನ," ಎಂದು ಕನ್ನಡದಲ್ಲಿ ಹೇಳಿದಳು. ಅರ್ಧ ರೋಗ ಅಲ್ಲೇ ಗೊತ್ತಾಯಿತು.

ಅವನು ಪಾಳಿ ಮುಗಿಸಿ ಬಂದು ಒಳಕೋಣೆಯಲ್ಲಿ ಆಗತಾನೆ ಮಲಗಿದ್ದ. ಅವನ ತಾಯಿ ಲಕ್ಕವ್ವ ನನ್ನನ್ನು ಕೂಡಿಸಿದಳು. ಗಟ್ಟಿ ಹೆಂಗಸು, ಹಣೆ ತುಂಬ ಅರಿಸಿನದ ಭಂಡಾರ.

"ಕುಂದರ್ರಿ ಬಾಯಾರ. ಎಬ್ಬಸ್ತೀನಿ ತಡೀರಿ."

"ಬ್ಯಾಡವ್ವ, ಮಲಗಲಿ. ನಾ ಸುಮ್ನ ಕೂಡ್ತೀನಿ."

ನಾನು ಸುಮ್ಮನೆ ಕೂತೆ. ಒಬ್ಬರು ಬಂದರು, ಪಂಪಿನ ಮೋಟರಿನ ಬಗ್ಗೆ ಕೇಳಬೇಕಿತ್ತು. ಲಕ್ಕವ್ವ ಹೋಗಿ ಮಗನನ್ನು ಎಬ್ಬಿಸಿದಳು. ಮತ್ತೊಬ್ಬರು ಬಂದರು, ಮಗನ ನೌಕರಿಯ ಅರ್ಜಿ. ಎಬ್ಬಿಸಿದಳು. ಹೊತ್ತು ನೆತ್ತಿಗೆ ಬಂತು. ಮಗ ಉಣ್ಣದೆ ತಾನು ಉಣ್ಣುವವಳಲ್ಲ. "ಏಳೋ ಯಪ್ಪಾ, ಎರಡ್ ತುತ್ತ ಉಂಡ ಮಲಗುವಂತಿ," ಎಂದು ಮತ್ತೆ ಎಬ್ಬಿಸಿದಳು. ಒಂದು ಸಲವೂ ಒರಟಾಗಿ ಎಬ್ಬಿಸಲಿಲ್ಲ. ಹಣೆ ಸವರಿ, ಕೂದಲು ನೇವರಿಸಿ, ಹೆಸರು ಹಿಡಿದು.

ಅವನ ಹೆಂಡತಿ ನೀರಿನ ತಂಬಿಗೆ ಇಡುವ ನೆಪದಲ್ಲಿ ನನ್ನ ಹತ್ತಿರ ಬಾಗಿ ಹೇಳಿದಳು: "ಸಂಜೀಕಿ ನೋಡ್ರಿ ಅಕ್ಕಾರ. ಪಾಳೇಕ್ಕ ಹೋಗೂ ಮುಂದ ಒಂದ್ ಜಂಪ ಹತ್ತಿರತೈತಿ, ದೀಪ ಹಚ್ಚೂ ಹೊತ್ತಾತಂತ ಎಬ್ಬಸ್ತಾರ. ನಾ ಹೇಳಿದ್ರ ಸೊಸಿ ಮಾತು ಆಗ್ತೈತ್ರಿ."

ಯಲ್ಲಪ್ಪ ಕೆಂಪು ಕಣ್ಣಿನಲ್ಲಿ ಬಂದು ಗೋಡೆಗೆ ಒರಗಿ ಕೂತ. ಎದುರಿಗೆ ಶೇಂಗಾ ಬೆಲ್ಲದ ಬುಟ್ಟಿ. ಅವನು ನನ್ನ ಜೊತೆ ಮಾತಾಡುತ್ತಿದ್ದ, ಕೈ ತಾನಾಗಿ ಬುಟ್ಟಿಗೂ ಬಾಯಿಗೂ ಓಡಾಡುತ್ತಿತ್ತು. ಲಕ್ಕವ್ವ ಬುಟ್ಟಿಯನ್ನು ಇನ್ನಷ್ಟು ಹತ್ತಿರ ಸರಿಸಿದಳು.

"ನೋಡ್ರಿ ಬಾಯಾರ, ಎಷ್ಟ್ ಹಸದೈತಿ ನನ್ನ ಕೂಸು."

"ಅವ್ವಾ, ಅದು ಹಸಿವಲ್ಲ, ನಿದ್ದಿ. ಸಂಜಿ ತನಕ ಎಬ್ಬಿಸದ ಬಿಟ್ರ ಈ ಬುಟ್ಟಿ ಹಿಂಗ ಇರ್ತದ."

"ದೀಪ ಹಚ್ಚೂ ಹೊತ್ತಿನ್ಯಾಗ ಮನ್ಯಾಗ ಮನಿಕೊಂಡ್ರ ಲಕ್ಷ್ಮಿ ಬಾಗಲಾ ತನಕ ಬಂದ ತಿರಗಿ ಹೋಗ್ತಾಳವ್ವ. ಕೂಸುಗೋಳು, ಬಾಣಂತ್ಯಾರು, ಬ್ಯಾನ್ಯಾಗ ಬಿದ್ದಾವರು ಮಲಗಬೇಕ ಅಟ್ಟ."

ದಾರಿ ಸಿಕ್ಕಿತು ಎಂದುಕೊಂಡು ನಾನು ತಟ್ಟನೆ ಅಂದೆ: "ಹಂಗಾರ ಅವನೂ ಬ್ಯಾನ್ಯಾಂವ ಅಂತ ತಿಳಕೋ. ಅವನಿಗೆ ಸಕ್ಕರಿ ರೋಗ ಅದ."

ಆ ಮಾತು ಫಲಿಸಲಿಲ್ಲ. ಲಕ್ಕವ್ವನ ಮುಖ ಗಂಟಿಕ್ಕಿತು. "ಗುಂಡಕಲ್ಲಿನಂಗ ಅದಾನ ನನ್ನ ಮಗ. ರೋಗ ಇದ್ದಾಂವ ಅನ್ನಬ್ಯಾಡ್ರಿ ನಮ್ಮ ಮನ್ಯಾಗ." ಯಲ್ಲಪ್ಪನೂ ಬೆಚ್ಚಿದ: "ಸಿಸ್ಟರಬಾಯಿ, ರೋಗಿ ಅಂತ ಹೆಸರ ಬಿದ್ರ ನಾ ಮತ್ತ ಮ್ಯಾಲೆ ಹತ್ತೂದ ಮುಗದಂಗ ನೋಡ್ರಿ."

ಲಕ್ಕವ್ವ ನನ್ನ ಕಡೆ ತಿರುಗಿ ಕೇಳಿದಳು: "ಮ್ಯಾಲೆ ಅಂದ್ರ ಎಲ್ಲಿ? ಇಂವ ಕುರ್ಚಿ ಮ್ಯಾಲೆ ಕುಂತ ಕೆಲಸ ಅಂತಿದ್ನಲ?"

ಅವಳಿಗೆ ಮಗನ ಕೆಲಸ ಏನೆಂದು ಗೊತ್ತೇ ಇರಲಿಲ್ಲ. ಅಂಜಿಯಾಳು ಎಂದು ಅವನು ಹೇಳಿರಲಿಲ್ಲ. ನಾನು ಹೇಳಿದೆ. ಕುಲುಮೆ, ನೀರಿನ ಹಾಗೆ ಕುದಿಯುವ ಕಬ್ಬಿಣ, ಅದು ತುಂಬಿದ ಕೊಳಗ, ಅದನ್ನು ಎತ್ತಿಕೊಂಡು ಇವನು ಮೇಲೆ ಸಾಗುವುದು.

"ಕೆಳಗ ಮಂದಿ ಇರ್ತಾರ?"

"ಇರ್ತಾರ. ಅಚ್ಚಿನ ಬಾಜೂಕ, ಎಲ್ಲಾ ಕಡೆ."

"ರಾತ್ರೆಲ್ಲ?"

"ರಾತ್ರೆಲ್ಲ."

ಅವಳು ಮಗನನ್ನು ನೋಡಿದಳು. ಅವನು ತಲೆ ತಗ್ಗಿಸಿ ಬೆಲ್ಲದ ಚೂರು ಬೆರಳಲ್ಲಿ ಆಡಿಸುತ್ತಿದ್ದ.

"ಅಂದ್ರ ಇಂವ ಕಾವಲ ಕಾಯ್ತಾನ," ಎಂದಳು ಲಕ್ಕವ್ವ. ಧ್ವನಿ ಬೇರೆಯಾಗಿತ್ತು. "ಮೊದಲ ಹೇಳಬಾರದೇನೋ ಖೋಡಿ? ಇವರಪ್ಪ ಕುರಿ ಕಾಯ್ತಿದ್ದ ಬಾಯಾರ. ಅಡವಿ ಅಂಚಿಗೆ ಹಟ್ಟಿ ಹಾಕ್ತಿದ್ವಿ. ತ್ವಾಳದ ಕಾಟ. ರಾತ್ರಿ ಕಾವಲ ಇದ್ದಾಂವ ಹಗಲಿ ಗಿಡದ ಬುಡಕ ಮಲಗ್ತಿದ್ದ. ತೆಲಿ ಕಡೆ ಕೋಲು ನೆಟ್ಟ, ಅದರ ಮ್ಯಾಲೆ ಕಂಬಳಿ ಇಳಿಬಿಡ್ತಿದ್ದ. ಆ ಕಂಬಳಿ ಕಂಡ್ರ ಮುಗೀತು, ಹಡದಾಕಿ ಬಂದ್ರೂ ಎಬ್ಬಸ್ತಿರಲಿಲ್ಲ. ಬುತ್ತಿ ತಂದಾಕಿ ಬಾಜೂಕಿಟ್ಟ ಬರೂದು. ಯಾಂವರ ಎಬ್ಬಿಸಿದ ಅಂದ್ರ, ಆ ರಾತ್ರಿ ತ್ವಾಳ ಹಿಡದ ಮರಿ ಎಬ್ಬಿಸಿದಾಂವನ ಪಾಲಿಗಿ."

"ದೀಪ?" ಎಂದು ಕೇಳಿದೆ.

"ಹಟ್ಟ್ಯಾಗ ಕಾವಲಿನಾಂವ ಎದ್ದ ಮ್ಯಾಲೇನ ದೀಪ ಹಚ್ಚತಿದ್ವಿ. ಲಕ್ಷ್ಮಿ ಏನ್ ಕುರಿ ಬಿಟ್ಟ ಓಡಿ ಹೋಗಲಿಲ್ಲ." ಹಾಗೆ ಹೇಳಿ ಅವಳೇ ನಕ್ಕಳು.

ಎದ್ದು ಅಟ್ಟದ ಮೇಲಿಂದ ಗಂಡನ ಕರಿ ಕಂಬಳಿ ಇಳಿಸಿದಳು. ಝಾಡಿಸಿದಳು, ಧೂಳಿಗೆ ಎಲ್ಲರೂ ಸೀನಿದೆವು. ಒಳಕೋಣೆಯ ಬಾಗಿಲಿಗೆ ಅಡ್ಡ ತೂಗುಹಾಕಿ, "ಹೋಗ, ಬೀಳ ಅಲ್ಲಿ," ಎಂದು ಮಗನನ್ನು ಒಳಗೆ ದೂಡಿದಳು. ಬುಟ್ಟಿಯನ್ನು ಗೋಡೆಯ ಗೂಡಿಗೆ ಎತ್ತಿಟ್ಟಳು. ಆಮೇಲೆ ಕಟ್ಟೆಯ ಮೇಲೆ ಬಂದು ಕೂತಳು. ಮೊದಲು ಬಂದವನು ಒಬ್ಬ ಮುದುಕ. "ಯಲ್ಲಪ್ಪ ಅದಾನೇನ?" ಎಂದು ಕೂಗಿದ.

"ಕಂಬಳಿ ಕಾಣ್ಸೂದಿಲ್ಲೇನೋ ಮಾವ?"

ಮುದುಕ ಒಳಗೆ ಇಣುಕಿ ನೋಡಿದ. ಎಷ್ಟೋ ವರ್ಷಗಳಿಂದ ಆ ಗುರುತನ್ನು ಯಾರೂ ಇಟ್ಟಿರಲಿಕ್ಕಿಲ್ಲ. ಆದರೂ ಅವನಿಗೆ ಕೂಡಲೇ ತಿಳಿಯಿತು. ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದುಕೊಂಡು ಸಪ್ಪಳವಿಲ್ಲದೆ ಹೊರಟುಹೋದ. ನಾನು ಸಂಜೆಯ ಬಸ್ಸಿಗೆ ಹೊರಟಾಗ ಲಕ್ಕವ್ವ ಒಬ್ಬಳೇ ಊಟ ಮುಗಿಸಿ, ಮಗನ ತಾಟಿನ ಮೇಲೆ ಇನ್ನೊಂದು ತಾಟು ಮುಚ್ಚುತ್ತಿದ್ದಳು.

ಒಂದೇ ವಾರದಲ್ಲಿ ಎಲ್ಲ ಸರಿಹೋಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಓಣಿಯ ಹುಡುಗರು "ಕುರಿ ಎಲ್ಯವ ಯಲ್ಲಣ್ಣ?" ಎಂದು ಕಾಡಿಸಿದರು. ನಡುವೆ ಮನೆಯಲ್ಲಿ ಒಂದು ಮದುವೆ ಬಂದು ನಿದ್ದೆ ಮತ್ತೆ ಹರಿಯಿತು, ಕೈ ಮತ್ತೆ ಡಬ್ಬಿಗೆ ಹೋಯಿತು. ಆದರೆ ಒಂದು ಬೆಳಿಗ್ಗೆ, ಪಾಳಿ ಬಿಟ್ಟ ಮೇಲೆ, ಅವನು ನೆಟ್ಟಗೆ ನನ್ನ ಮೇಜಿಗೆ ಬಂದು ಅರ್ಧ ಮಡಚಿದ ಬಿಸ್ಕೀಟ ಪುಡ ಇಟ್ಟ.

"ಎರಡ್ ತಿಂದ ಮುಚ್ಚಿದ್ನಿರಿ. ಸಿಸ್ಟರಬಾಯಿ, ಮುಚ್ಚಾಕ ಬಂತ್ರಿ!"

ನನ್ನ ಇಡೀ ಸೇವೆಯಲ್ಲಿ ಅಷ್ಟು ಹೆಮ್ಮೆಯಿಂದ ಯಾರೂ ನನಗೆ ಏನನ್ನೂ ತೋರಿಸಿಲ್ಲ. ಒಳಗಿದ್ದ ಡಾಕ್ಟರು ಕೇಳಿಸಿಕೊಂಡು ಹೊರಗೆ ಬಂದರು. ತಿಂಗಳ ಕೊನೆಯ ಪರೀಕ್ಷೆಯಲ್ಲಿ ಸಕ್ಕರೆ ಇಳಿದಿತ್ತು. "ಇಳದದ. ಇನ್ನೂ ಇಳೀಬೇಕು, ಗುಳಿಗಿ ಬಿಡಬ್ಯಾಡ," ಎಂದು ಹೇಳಿ ಡಾಕ್ಟರು ಶಿಂಧೆಯನ್ನು ಕರೆದರು. ಹಗಲು ಪಾಳಿಯಲ್ಲಿ ಕೆಲದಿನ ಶಿಂಧೆಯ ಕಣ್ಣೆದುರು ಖಾಲಿ ಕೊಳಗ ನಡೆಸಬೇಕು, ಆಮೇಲೆ ತುಂಬಿದ್ದು. ಯಲ್ಲಪ್ಪ ಏಣಿ ಹತ್ತಿದ ದಿನ ನಾನು ಕೆಳಗೆ ನಿಂತು ನೋಡಿದೆ. ಕೊಳಗ ಛಾವಣಿಯ ಕೆಳಗೆ ಉದ್ದಕ್ಕೂ ಸಾಗಿ, ಅಚ್ಚಿನ ಮೇಲೆ ಬಂದು ಅಲುಗದೆ ನಿಂತಿತು. ಶಿಂಧೆ ನನ್ನ ಕಡೆ ತಿರುಗಿ, "ಈಗ ನಿಮ್ಮ ಫೋಟೋ ನಾ ಹಾಕ್ತೀನ್ರಿ, ಕ್ರೇನ್ ಮ್ಯಾಲೆ," ಎಂದ.

ಆಮೇಲೆ ಕೆಲಸದ ರೀತಿಯೂ ಬದಲಾಯಿತು. ಪಾಳಿಯನ್ನು ಹಿಂದಿನ ಹಾಗೆ ಅಡ್ಡಾದಿಡ್ಡಿ ಬದಲಿಸುವುದು ನಿಂತಿತು. ಕ್ಯಾಂಟೀನಿನಲ್ಲಿ ಪಾಳಿಯ ಮೊದಲ ಭಾಗದಲ್ಲೇ ಬಿಸಿ ರೊಟ್ಟಿ, ಝುಣಕ, ಕಾಳಿನ ಪಲ್ಯ ಕೊಡತೊಡಗಿದರು. ಭಜಿಯೂ ಉಳಿಯಿತು. ಯಾರೂ ಅದರ ಮೇಲೆ ಮುಗಿಬೀಳಲಿಲ್ಲ. ಕಂಬಳಿಯ ಸುದ್ದಿ ತಾನಾಗಿ ಹಬ್ಬಿತು. ಎಲ್ಲರ ಮನೆಯಲ್ಲೂ ಕಂಬಳಿ ಇರಲಿಲ್ಲ, ಇರಬೇಕಾಗಿಯೂ ಇರಲಿಲ್ಲ. ಶಿಂಧೆಯ ಹೆಂಡತಿ ಗಂಡನ ಹಳದಿ ಹೆಲ್ಮೆಟನ್ನು ಬಾಗಿಲ ಚಿಲಕಕ್ಕೆ ತೂಗುಹಾಕುತ್ತಿದ್ದಳಂತೆ. ಅದು ತೂಗುತ್ತಿದ್ದರೆ ಖಾನಾಪುರದ ಆ ಓಣಿಯಲ್ಲಿ ಹಾಲಿನವನೂ ಗಂಟೆ ಬಾರಿಸುತ್ತಿರಲಿಲ್ಲ.

ಶೀತಲ್, ನಿನಗೆ ಹೇಳಬೇಕಾದದ್ದು ಇಷ್ಟೇ. ಪಾಳಿ ಬಿಟ್ಟು ಬಂದವನಿಗೆ ಬೆಳಿಗ್ಗೆ ಉಪದೇಶ ಮಾಡಬೇಡ, ಅವನ ತಲೆಗೆ ಅದು ಹೋಗುವುದಿಲ್ಲ. ಮಲಗಲು ಕಳಿಸು. ಹೆಚ್ಚು ತಿನ್ನುವವನನ್ನು ನೋಡಿ ಮನಸ್ಸು ಗಟ್ಟಿಯಿಲ್ಲ ಎಂದು ತೀರ್ಮಾನಿಸಬೇಡ. ಅವನನ್ನು ಎಬ್ಬಿಸುವವರು ಯಾರು, ಯಾಕೆ ಎಬ್ಬಿಸುತ್ತಾರೆ ಎಂದು ಕೇಳು. ಬಹಳ ಸಲ ಅವರು ಅವನನ್ನು ಎಲ್ಲರಿಗಿಂತ ಹೆಚ್ಚು ಪ್ರೀತಿಸುವವರೇ ಆಗಿರುತ್ತಾರೆ. ಅವರನ್ನು ಬೈದರೆ ಕೆಲಸ ಕೆಡುತ್ತದೆ. ಅವರಿಗೆ ಅವನ ಕೆಲಸ ಏನೆಂದು ತಿಳಿಸು.

ಇಷ್ಟು ಬರೆದು ಮುಗಿಸುವಷ್ಟರಲ್ಲಿ ಸಂಜೆಯಾಯಿತು. ಶೀತಲ್ ಓದಿದಳು. ಓದಿ ಮುಗಿಸಿ ಮೊಬೈಲ್ ತೆಗೆದಳು.

"ಅತ್ತಿ, ಯಲ್ಲಪ್ಪ ಅವರು ಇನ್ನೂ ಅಲ್ಲೇ ಅದಾರಲ್ಲ? ನಾಳೆ ಬರ್ತೀನಂತ ಒಂದ್ ಫೋನ್ ಹಚ್ಚಲೇನು?"

"ಯಾವ ಪಾಳಿ ಅಂವ ಈ ವಾರ?"

"ನಂದೇ, ರಾತ್ರಿ. ಪಾಳಿ ಪಟ್ಟ್ಯಾಗ ಹೆಸರು ನೋಡೀನಿ."

"ಹಂಗಾರ ಹೊತ್ತು ನೋಡು."

ಅವಳು ಕಿಟಕಿಯ ಹೊರಗೆ ನೋಡಿದಳು. ಬೀದಿಯ ಮನೆಗಳಲ್ಲಿ ದೀಪ ಹಚ್ಚುವ ಹೊತ್ತು. ಮೊಬೈಲನ್ನು ಮೇಜಿನ ಮೇಲೆ ಬೋರಲು ಹಾಕಿದಳು.

ನಮ್ಮ ಊಟ ಆಗಲೇ ಮುಗಿದಿತ್ತು. ಬಸದಿಯ ಕಡೆ ಮುಖ ಮಾಡಿ ಕೈಮುಗಿದೆ. ನಾಳೆಯಿಂದ ಈ ಹೊತ್ತಿಗೆ ಈ ಮನೆಯಲ್ಲೂ ಒಬ್ಬಳು ಮಲಗಿರುತ್ತಾಳೆ, ಅವಳ ತಾಟು ಮುಚ್ಚಿಡಬೇಕು, ನನ್ನ ದೀಪ ಅವಳು ಎದ್ದ ಮೇಲೆ. ಕಪಾಟಿನಿಂದ, ನಾನು ನಿವೃತ್ತಳಾದ ದಿನ ಲಕ್ಕವ್ವ ಕಳಿಸಿಕೊಟ್ಟ ಹೊಸ ಕರಿ ಕಂಬಳಿ ತೆಗೆದೆ. ಶೀತಲ್ ಸ್ಟೂಲ್ ಹಿಡಿದಳು, ನಾನು ಕಂಬಳಿಯನ್ನು ಅವಳ ಕೋಣೆಯ ಕಿಟಕಿಗೆ ಅಡ್ಡ ಹಿಡಿದು ಮೊಳೆ ಹೊಡೆದೆ.

"ಅತ್ತಿ, ಕುರಿ ವಾಸನಿ ಬರ್ತದ."

"ಬರಲಿ," ಎಂದು ಕೊನೆಯ ಮೊಳೆ ಹೊಡೆದು ಇಳಿದೆ. ಕೋಣೆ ಕತ್ತಲಾಗಿತ್ತು.